ಓದುವ ಮಕ್ಕಳು ಬದುಕಿಗೆ ಬೇಸರಪಡುವುದೇಕೆ?

ಮೇ ತಿಂಗಳ ಸುಮಾರಿಗೆ ಪರೀಕ್ಷೆಗಳ ಫಲಿತಾಂಶ ಹೊರಬೀಳುತ್ತದೆ. ಅದಾದ ಎರಡು ಮೂರು ದಿನಗಳಲ್ಲಿ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಸಣ್ಣ ಸಣ್ಣ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ಇಂಥ ಊರಿನ, ಇಷ್ಟು ವಯಸ್ಸಿನ ವಿದ್ಯಾರ್ಥಿ ಪರೀಕ್ಷೆಯಲ್ಲಿ ಫೇಲಾದುದಕ್ಕೆ ಮನನೊಂದು ಪ್ರಾಣ ಕಳೆದುಕೊಂಡನೆಂದು ನಾಲ್ಕು ಸಾಲು. ಅದನ್ನು ಓದಿ 'ಅಯ್ಯೋ ಪಾಪ' ಎಂದು ಪುಟ ತಿರುವುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರ ಮನೆಗಳಲ್ಲಿ ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಓದುವ ಮಕ್ಕಳಿದ್ದಾರೆ. ಇನ್ನು ಕೆಲವರ ಮಕ್ಕಳು ಊರಿನಲ್ಲಿ ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು ಓದುತ್ತಿದ್ದಾರೆ. ಆದುದರಿಂದ ಆ ನಾಲ್ಕು ಸಾಲಿನ ಹಿಂದೆ ಏನಿರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದೆಂದು ತೋರಿತು. ನಾನು ವೈದ್ಯನಲ್ಲ, ಎಸ್.ಎಸ್.ಎಲ್.ಸಿ. ಓದಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಬಲ್ಲವರು ಬರೆದುದನ್ನು ಓದಿ ತಿಳಿದಷ್ಟನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲು ಅಂಕಿಗಳನ್ನು ನೋಡೋಣ. ನಮ್ಮ ದೇಶದಲ್ಲಿ ಇಂಥ ಸಾವುಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದವರು ವರ್ಷ ವರ್ಷ ಪ್ರಕಟಿಸುತ್ತಾರೆ. 2022ರ ಲೆಕ್ಕದ ಪ್ರಕಾರ ಇಡೀ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಮಹಾರಾಷ್ಟ್ರ 1,764ರೊಡನೆ ಮೊದಲನೆಯ ಸ್ಥಾನದಲ್ಲಿದೆ. ಎರಡನೆಯದು ನಾವು ಅನ್ನ ತಿನ್ನುತ್ತಿರುವ ಈ ತಮಿಳುನಾಡೇ, 1,416. ಈಗ ಇನ್ನೊಂದು ಅಂಕಿ ಕೇಳಿ. ಅದೇ ವರ್ಷ 'ಪರೀಕ್ಷೆಯಲ್ಲಿ ಅನುತ್ತೀರ್ಣತೆ' ಎಂಬ ಕಾರಣದ ಅಡಿಯಲ್ಲಿ ಬರೆದ ಸಾವುಗಳು 2,095. ಇವರೆಲ್ಲರೂ ವಿದ್ಯಾರ್ಥಿಗಳೇ ಎಂದು ಇಟ್ಟುಕೊಂಡರೂ ಆರು ಮಂದಿಯಲ್ಲಿ ಒಬ್ಬರ ಲೆಕ್ಕವಾಯಿತು. ಉಳಿದ ಐದು ಮಂದಿ? ಅದರ ಹಿಂದಿನ ವರ್ಷದ, ಅಂದರೆ 2021ರ ಲೆಕ್ಕದಲ್ಲಿ, ಹದಿನೆಂಟು ವರ್ಷದೊಳಗಿನ ಮಕ್ಕಳ ಮಟ್ಟಿಗೆ ಮನೆಯ ತೊಂದರೆ, ಪ್ರೇಮದ ವಿಷಯ, ಕಾಯಿಲೆ ಈ ಮೂರು ಕಾರಣಗಳು ಪರೀಕ್ಷೆಗಿಂತ ಎಷ್ಟೋ ಮುಂದಿದ್ದುವು.

ಇಲ್ಲಿ ಲೆಕ್ಕ ಬರೆಯುವವನಾಗಿ ಒಂದು ಮಾತು ಹೇಳಬೇಕು. ನಮೂನೆಯಲ್ಲಿ 'ಕಾರಣ' ಎಂದು ಒಂದೇ ಅಂಕಣವಿದ್ದರೆ ಬರೆಯುವವನು ಒಂದೇ ಕಾರಣವನ್ನು ಬರೆಯಲೇಬೇಕು. ಪೊಲೀಸಿನವರು ಮನೆಯವರನ್ನು ಕೇಳುತ್ತಾರೆ. ದುಃಖದಲ್ಲಿರುವ ಮನೆಯವರು ನೆನಪಿಗೆ ಬಂದ ಕೊನೆಯ ಸಂಗತಿಯನ್ನು ಹೇಳುತ್ತಾರೆ. ಅದು ಅಂಕಣದಲ್ಲಿ ಕೂರುತ್ತದೆ. ಒಬ್ಬನ ಬ್ಯಾಂಕಿನ ಖಾತೆ ಬರಿದಾಗಿ ಚೆಕ್ಕು ಹಿಂದಿರುಗಿ ಬಂದಾಗ ಆ ಕೊನೆಯ ಚೆಕ್ಕನ್ನು ಬೈದು ಏನು ಪ್ರಯೋಜನ? ತಿಂಗಳಿಡೀ ಯಾವ ಯಾವ ಬಾಬಿಗೆ ಹಣ ಹೋಯಿತು, ಜಮೆ ಏಕೆ ಬರಲಿಲ್ಲ ಎಂದು ನೋಡಬೇಕು. ಮಕ್ಕಳ ವಿಷಯದಲ್ಲಿ ಫಲಿತಾಂಶವೆಂಬುದು ಬಹುಮಟ್ಟಿಗೆ ಆ ಕೊನೆಯ ಚೆಕ್ಕು. ಅದಕ್ಕೆ ಮುಂಚಿನ ತಿಂಗಳುಗಳ ಲೆಕ್ಕವನ್ನು ತಜ್ಞರು 'ಅಪಾಯದ ಅಂಶಗಳು' ಎಂದು ಕರೆಯುತ್ತಾರೆ. ಒಂದು ಅಂಶವಿದ್ದ ಮಾತ್ರಕ್ಕೆ ಮಗುವಿಗೆ ಕೇಡಾಗುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಅನೇಕ ಅಂಶಗಳು ಒಂದರ ಮೇಲೊಂದು ಬಿದ್ದು, ಆಸರೆ ಎಂಬುದು ಎಲ್ಲಿಯೂ ಸಿಗದಿದ್ದಾಗ ಅಪಾಯ ಬೆಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಂಶ ಯಾವುದೆಂದರೆ, ಹಿಂದೆ ಒಮ್ಮೆ ಪ್ರಯತ್ನ ಮಾಡಿರುವುದು ಅಥವಾ ತನ್ನ ಮೈಗೆ ತಾನೇ ಗಾಯ ಮಾಡಿಕೊಂಡಿರುವುದು. ನಮ್ಮಲ್ಲಿ ಇದನ್ನು ಮುಚ್ಚಿಡುವುದೇ ವಾಡಿಕೆ. ಆಸ್ಪತ್ರೆಯಲ್ಲಿ 'ತಿಳಿಯದೆ ಕುಡಿದುಬಿಟ್ಟ' ಎಂದು ಬರೆಸಿ, ಮನೆಗೆ ಬಂದ ಮೇಲೆ ಆ ಮಾತನ್ನೇ ಎತ್ತಕೂಡದೆಂದು ಕಟ್ಟುಮಾಡುತ್ತಾರೆ. 'ನಮ್ಮನ್ನು ಹೆದರಿಸಲಿಕ್ಕೆ ಮಾಡಿದ, ಇನ್ನು ಮಾಡಲಾರ' ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಈ ಸಮಾಧಾನ ಬಹಳ ಅಪಾಯದ್ದು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿಯೇ ಹೆಚ್ಚಿನ ಎಚ್ಚರ ಬೇಕೆಂದು ವೈದ್ಯರೆಲ್ಲರ ಅಭಿಪ್ರಾಯ.

ಅದರ ಜೊತೆಗೇ ಬರುವುದು ಮನಸ್ಸಿನ ಕಾಯಿಲೆ. ಖಿನ್ನತೆ ಎಂಬುದು ದೊಡ್ಡವರಿಗೆ ಮಾತ್ರ ಬರುವುದೆಂದು ಅನೇಕರು ತಿಳಿದಿದ್ದಾರೆ. ಹದಿಮೂರು ಹದಿನಾಲ್ಕರ ಮಕ್ಕಳಿಗೂ ಬರುತ್ತದೆ. ಆದರೆ ಅವರಲ್ಲಿ ಅಳುವಿಗಿಂತ ಸಿಡುಕು ಹೆಚ್ಚಾಗಿ ಕಾಣುತ್ತದೆ. ಮಾತಿಗೆ ಮುಂಚೆ ರೇಗುವುದು, ತಟ್ಟೆ ತಳ್ಳುವುದು, ಬಾಗಿಲು ಹಾಕಿಕೊಂಡು ಕೂರುವುದು, ರಾತ್ರಿ ನಿದ್ದೆಯಿಲ್ಲದೆ ಹೊರಳಿ ಬೆಳಿಗ್ಗೆ ಏಳಲಾರದಿರುವುದು, ತಲೆನೋವು ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು. ಇದನ್ನು ನಾವು ಕೊಬ್ಬು, ಸೋಮಾರಿತನ ಎಂದು ಕರೆದು ಎರಡೇಟು ಕೊಡುತ್ತೇವೆ. ನಾಲ್ಕು ದಿನದ ಸಿಡುಕಿಗೆ ವೈದ್ಯರೇನೂ ಬೇಡ. ಎರಡು ವಾರ ದಾಟಿಯೂ ಮಗು ಮೊದಲಿನಂತೆ ಆಗದಿದ್ದರೆ ತೋರಿಸಲೇಬೇಕು.

ಇನ್ನು ಮನೆಯ ವಿಷಯ. ಇದನ್ನು ಬರೆಯುವಾಗ ಲೇಖನಿ ಸ್ವಲ್ಪ ತಡೆಯುತ್ತದೆ, ಏಕೆಂದರೆ ನಮ್ಮ ಬಂಧುಗಳ ಸಂಸಾರ ನಡೆಯುವ ಬಗೆ ನನಗೆ ಗೊತ್ತು. ಒಂದೇ ಕೋಣೆಯ ಮನೆ. ತಂದೆಗೆ ರಾತ್ರಿ ಪಾಳಿ, ಅಥವಾ ಹೋಟಲಿನಲ್ಲಿ ಬೆಳಗಿನ ನಾಲ್ಕಕ್ಕೆ ಕೆಲಸ. ತಾಯಿಯೂ ದುಡಿಯಲು ಹೋಗುತ್ತಾಳೆ. ಹಣದ ಜಗಳ ಮಕ್ಕಳ ತಲೆಯ ಮೇಲೆಯೇ ನಡೆಯಬೇಕು, ಬೇರೆ ಜಾಗವಿಲ್ಲ. ತಂದೆಯ ಕುಡಿತ, ತಾಯಿಗೆ ಬೀಳುವ ಪೆಟ್ಟು, ಸಾಲಗಾರನ ಕೂಗಾಟ, ಇವನ್ನು ದಿನವೂ ನೋಡುವ ಮಗು ಓದಿನಲ್ಲಿ ಹಿಂದೆ ಬೀಳುವುದು ಸಹಜ. ಹಿಂದೆ ಬಿದ್ದುದಕ್ಕೆ ಅದೇ ತಂದೆಯಿಂದ ಅದಕ್ಕೆ ಪೆಟ್ಟು. ಬಡತನವೊಂದೇ ಮಕ್ಕಳನ್ನು ಈ ದಾರಿಗೆ ತಳ್ಳುವುದಿಲ್ಲ; ಬಡತನದಲ್ಲಿಯೂ ನಗುನಗುತ್ತಾ ಬೆಳೆದ ಮಕ್ಕಳು ಲಕ್ಷಾಂತರ. ಪೆಟ್ಟು, ಅವಮಾನ, ಭಯ ಇವೇ ತಳ್ಳುವುವು. 'ನಿನಗಾಗಿ ನಾನು ಮೈ ಮುರಿದು ದುಡಿಯುತ್ತಿದ್ದೇನೆ, ನೀನು ಮಾರ್ಕು ತರದಿದ್ದರೆ ನಮ್ಮ ಗತಿ ಏನು?' ಎಂಬ ಮಾತನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ಅದನ್ನು ನೂರು ಸಲ ಕೇಳಿದ ಮಗು, ತಾನು ಮನೆಗೆ ಭಾರ, ತಾನಿಲ್ಲದಿದ್ದರೆ ಇವರಿಗೆ ಹಗುರ ಎಂದು ಅರ್ಥ ಮಾಡಿಕೊಳ್ಳುವುದುಂಟು. 'ನಾನು ಭಾರ' ಎಂಬ ಈ ಭಾವನೆಯನ್ನು ತಜ್ಞರು ಬಹಳ ಕೆಟ್ಟ ಲಕ್ಷಣವೆಂದು ಎಣಿಸುತ್ತಾರೆ.

ಶಾಲೆಯಲ್ಲಿ ನಡೆಯುವ ಅವಮಾನವೂ ಸಣ್ಣದಲ್ಲ. ಕಡಮೆ ನಂಬರು ಬಂದವರನ್ನು ಎಲ್ಲರೆದುರಿಗೆ ನಿಲ್ಲಿಸುವುದು, ಫೀಸು ಕಟ್ಟದವರ ಹೆಸರು ಕೂಗಿ ಹೊರಗೆ ಕಳಿಸುವುದು ಈಗಲೂ ಕೆಲವು ಕಡೆ ನಡೆಯುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮಿನಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಇದನ್ನು ಮುಖ್ಯೋಪಾಧ್ಯಾಯರ ಮುಂದೆ ವಿನಯದಿಂದ ನೆನಪು ಮಾಡಿಕೊಡುವ ಹಕ್ಕು ಗುಮಾಸ್ತನಿಗೂ ಉಂಟು, ಕೂಲಿಯವನಿಗೂ ಉಂಟು. ಉಪಾಧ್ಯಾಯರಿಗಿಂತ ಸಹಪಾಠಿಗಳ ಕಾಟ ಕೆಲವೊಮ್ಮೆ ಹೆಚ್ಚು. ಬಣ್ಣ, ಜಾತಿ, ಮೈಕಟ್ಟು, ಉಚ್ಚಾರಣೆ ಯಾವುದಾದರೂ ನೆಪವಾದೀತು. ಈಗಂತೂ ಆ ಗೇಲಿ ಮೊಬೈಲಿನಲ್ಲಿ ಮನೆಯೊಳಕ್ಕೂ ಬರುತ್ತದೆ; ಹಿಂದೆ ಶಾಲೆಯ ಗಂಟೆ ಹೊಡೆದ ಮೇಲಾದರೂ ಬಿಡುಗಡೆ ಇತ್ತು.

ಉಚ್ಚಾರಣೆ ಎಂದೆನಷ್ಟೆ. ನಮ್ಮಂಥ ವಲಸೆ ಬಂದವರಿಗೆ ಮೀಸಲಾದ ಒಂದು ಕಷ್ಟ ಇಲ್ಲಿದೆ. ದಾವಣಗೆರೆಯ ಕಡೆ ಕನ್ನಡದಲ್ಲಿ ಆರನೆಯ ತರಗತಿಯವರೆಗೆ ಓದಿದ ಹುಡುಗನನ್ನು ತಂದೆಗೆ ವರ್ಗವಾಯಿತೆಂದು ತಂದು ಇಲ್ಲಿ ಏಳನೆಯ ತರಗತಿಗೆ ಸೇರಿಸುತ್ತಾರೆ. ನಿನ್ನೆಯವರೆಗೆ ತರಗತಿಯಲ್ಲಿ ಮುಂದಿದ್ದವನು ಇಂದು ತಮಿಳಿನ ಅಕ್ಷರ ತಿದ್ದಬೇಕು. ತಮಿಳು ಕಲಿಕೆಯ ಕಾಯಿದೆ ಬಂದುದು 2006ರಲ್ಲಿ. ಒಂದನೆಯ ತರಗತಿಯಿಂದ ಹತ್ತುತ್ತ ಹತ್ತುತ್ತ ಅದು 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಕನ್ನಡ, ತೆಲುಗು, ಉರ್ದು ಮೊದಲಾದ ಮನೆಮಾತಿನ ಮಕ್ಕಳಿಗೆ ವಿನಾಯಿತಿ ಪಡೆಯಲು ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಈ ರಾಜ್ಯದಲ್ಲಿ ಬಾಳುವವರು ತಮಿಳು ಕಲಿಯುವುದು ಒಳ್ಳೆಯದೇ, ಅದರಲ್ಲಿ ನನಗೆ ಸಂದೇಹವಿಲ್ಲ. ನಾನು ಹೇಳುವುದು ಆ ಹುಡುಗನ ಮೊದಲ ಒಂದೆರಡು ವರ್ಷಗಳ ಮಾತು. ಆಟದ ಬಯಲಿನಲ್ಲಿ ಅವನಿಗೆ ಗೆಳೆಯರಿಲ್ಲ. ಉಪಾಧ್ಯಾಯರ ಪ್ರಶ್ನೆ ಅರ್ಥವಾಗುವ ಹೊತ್ತಿಗೆ ಬೇರೆಯವರು ಉತ್ತರ ಹೇಳಿಬಿಟ್ಟಿರುತ್ತಾರೆ. ಮನೆಯಲ್ಲಿ ತಂದೆ ಪಾಳಿಗೆ ಹೋಗಿರುತ್ತಾನೆ. ಶಾಲೆ ತನ್ನದು ಎಂದು ಮಗುವಿಗೆ ಅನ್ನಿಸುವುದು ಅದನ್ನು ಕಾಪಾಡುವ ದೊಡ್ಡ ಶಕ್ತಿ ಎಂದು ಎಲ್ಲ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಆ ಶಕ್ತಿಯನ್ನೇ ಇವನು ಊರಿನಲ್ಲಿ ಬಿಟ್ಟು ಬಂದಿರುತ್ತಾನೆ. ಇಂಥ ಹುಡುಗರು ಭಾನುವಾರ ವಾಚನಾಲಯಕ್ಕೆ ಬಂದು ಕನ್ನಡದ ಮಕ್ಕಳ ಪುಸ್ತಕ ಹಿಡಿದು ಗಂಟೆಗಟ್ಟಲೆ ಕೂತಾಗ ದೊಡ್ಡವರು ಯಾರಾದರೂ 'ಏನಪ್ಪಾ, ಯಾವ ಊರು? ಶಾಲೆ ಹೇಗಿದೆ?' ಎಂದು ಕೇಳುವುದರಿಂದ ನಷ್ಟವೇನಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮ್ಮ ಸುತ್ತಿನ ಕಣಿಯಂಬಾಡಿ ಹಳ್ಳಿಗಳಲ್ಲಿ ಮನೆಮನೆಯ ಜನನ ಮರಣ ಲೆಕ್ಕವನ್ನು ಅನೇಕ ವರ್ಷ ಇಟ್ಟು, ಹತ್ತರಿಂದ ಹತ್ತೊಂಬತ್ತು ವರ್ಷದವರ ವಿಷಯವನ್ನು 2004ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಲಕ್ಷಕ್ಕೆ ಹುಡುಗರಲ್ಲಿ 58, ಹುಡುಗಿಯರಲ್ಲಿ 148 ಆತ್ಮಹತ್ಯೆ! ಆ ವಯಸ್ಸಿನ ಹುಡುಗಿಯರ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆಯೇ ಆದುವು. ಜ್ವರಕ್ಕೆ, ಹೆರಿಗೆಗೆ, ಅಪಘಾತಕ್ಕೆ ನಾವು ಹೆದರುತ್ತೇವೆ; ಇದಕ್ಕೆ ಹೆದರಲು ನಮಗೆ ತೋಚಿರಲೇ ಇಲ್ಲ. ಓದುವ ಆಸೆಯಿದ್ದವಳನ್ನು ಶಾಲೆ ಬಿಡಿಸುವುದು, ಒಲ್ಲದ ಮದುವೆಯ ಮಾತು, ಒಬ್ಬ ಹುಡುಗನೊಡನೆ ಮಾತಾಡಿದ್ದಕ್ಕೆ ಬೀದಿಗೆ ಕೇಳುವ ಹಾಗೆ ಬೈಯುವುದು ಇವೆಲ್ಲ ಆ ಲೆಕ್ಕದ ಹಿಂದಿರುವ ಬಾಬುಗಳು. ಮೈಮುಟ್ಟಿ ಹಿಂಸೆ ಕೊಟ್ಟವನು ನೆಂಟನೋ ನೆರೆಯವನೋ ಆಗಿದ್ದು, ಹೇಳಿದರೆ ತನ್ನನ್ನೇ ಬೈಯುತ್ತಾರೆಂದು ಬಾಯಿ ಮುಚ್ಚಿಕೊಂಡ ಮಕ್ಕಳೂ ಇದ್ದಾರೆ, ಗಂಡುಮಕ್ಕಳೂ ಸೇರಿ. ಮಗು ಅಂಥ ಮಾತು ಹೇಳಿದರೆ ಮೊದಲು ನಂಬಬೇಕು. 1098 ಎಂಬ ಮಕ್ಕಳ ಸಹಾಯದ ದೂರವಾಣಿ ಇರುವುದು ಇದಕ್ಕಾಗಿಯೇ.

ಸಾವಿನ ಸುದ್ದಿಯೇ ಇನ್ನೊಂದು ಸಾವಿಗೆ ನೆಪವಾಗುವುದೂ ಉಂಟು. ಶಾಲೆಯಲ್ಲಿ ಒಬ್ಬ ಗೆಳೆಯ ಹೀಗೆ ಹೋದರೆ ಉಳಿದವರಿಗೂ ಅಪಾಯ ಹೆಚ್ಚುತ್ತದೆ. ವಿಧಾನವನ್ನು ವಿವರಿಸಬಾರದು, ಸುದ್ದಿಯನ್ನು ದೊಡ್ಡದು ಮಾಡಬಾರದು ಎಂದು ಭಾರತೀಯ ಪತ್ರಿಕಾ ಮಂಡಲಿ 2019ರಲ್ಲಿ ಪತ್ರಿಕೆಗಳಿಗೆ ಸೂಚನೆ ಕೊಟ್ಟಿದೆ. ಎಲ್ಲರೂ ಪಾಲಿಸುತ್ತಾರೆಂದು ಹೇಳಲಾರೆ. ಅಂಥ ಚಿತ್ರ, ವೀಡಿಯೋಗಳನ್ನು ವಾಟ್ಸಾಪಿನಲ್ಲಿ ನಾವಾದರೂ ಮುಂದಕ್ಕೆ ಕಳಿಸದಿರಬಹುದಲ್ಲ.

ಹದಿಹರೆಯದವರಲ್ಲಿ ಇನ್ನೊಂದು ವಿಶೇಷವಿದೆ. ಅವರ ಸಂಕಟ ತಿಂಗಳುಗಟ್ಟಲೆ ಬೆಳೆದಿದ್ದರೂ, ಕೈಮಾಡುವ ನಿರ್ಧಾರ ಅನೇಕ ವೇಳೆ ಕೆಲವು ನಿಮಿಷಗಳದು, ಹೆಚ್ಚೆಂದರೆ ಕೆಲವು ಗಂಟೆಗಳದು. ಆ ಹೊತ್ತು ಕಳೆದರೆ ಮನಸ್ಸು ತಿರುಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಅಪಾಯದ ವಸ್ತು ಸಿಗದಿದ್ದರೆ ಜೀವ ಉಳಿದಂತೆಯೇ. ಒಂದು ಸಿಗದಿದ್ದರೆ ಇನ್ನೊಂದು ಹುಡುಕುತ್ತಾರೆಂಬುದು ಬಹುಪಾಲು ಸುಳ್ಳು. ಶ್ರೀಲಂಕೆಯಲ್ಲಿ ಅತಿ ವಿಷದ ಕ್ರಿಮಿನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಇಳಿಯಿತು. ಆದುದರಿಂದ ಮನೆಯಲ್ಲಿರುವ ಮಾತ್ರೆಗಳು, ಹುಳುಹುಪ್ಪಟೆಯ ಔಷಧಿಗಳು ಬೀಗದೊಳಗೆ ಇರಲಿ. ಬೇಡದ್ದನ್ನು ಇಟ್ಟುಕೊಳ್ಳುವುದೇ ಬೇಡ. ಹತ್ತು ರೂಪಾಯಿ ಹೆಚ್ಚು ಕೊಟ್ಟು ಬೀಗ ತರುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಸೂಚನೆಗಳು ಕಾಣುತ್ತವೆಯೇ ಎಂದರೆ, ಬಹುಪಾಲು ಕಾಣುತ್ತವೆ. 'ನಾನಿದ್ದು ಏನಾಗಬೇಕು', 'ಇನ್ನು ನಿಮಗೆ ನನ್ನ ಕಾಟ ಇರುವುದಿಲ್ಲ' ಎಂಬ ಮಾತುಗಳು, ಪ್ರೀತಿಯ ವಸ್ತುಗಳನ್ನು ತಮ್ಮನಿಗೋ ಗೆಳೆಯನಿಗೋ ಕೊಟ್ಟುಬಿಡುವುದು, ಗೆಳೆಯರನ್ನು ಬಿಡುವುದು, ನೋಟುಪುಸ್ತಕದ ಹಿಂಬದಿಯಲ್ಲಿ ಸಾವಿನ ಬರವಣಿಗೆ. ಬಹಳ ದಿನ ಕುಗ್ಗಿದ್ದ ಮಗು ಇದ್ದಕ್ಕಿದ್ದಂತೆ ಶಾಂತವಾಗಿ ಕಂಡರೆ ಅದೂ ಗಮನಿಸತಕ್ಕದ್ದೇ. 'ಹೇಳುವವರು ಮಾಡುವುದಿಲ್ಲ' ಎಂಬ ಗಾದೆಯಂಥ ಮಾತೊಂದು ಜನರಲ್ಲಿದೆ. ಹೇಳಿಯೇ ಮಾಡಿದವರು ಎಷ್ಟೋ ಮಂದಿ.

ಇಂಥದು ಕಂಡಾಗ ಕೇಳಬೇಕು, ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆಂದು ನಮ್ಮ ಹೆದರಿಕೆ. ಅದು ಹಾಗಲ್ಲವೆಂದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ; ಕೇಳಿದಾಗ ಮಗುವಿಗೆ ಹಗುರವೇ ಆಗುತ್ತದೆ. ಸಮಯ ನೋಡಿಕೊಂಡು, ಮೂರನೆಯವರಿಲ್ಲದ ಕಡೆ, ಬೇಕಾದರೆ ಮರೀನಾ ಕಡಲತೀರಕ್ಕೆ ಕರೆದುಕೊಂಡು ಹೋಗಿ, 'ಮಗೂ, ಈಚೆಗೆ ನೀನು ತುಂಬಾ ಸಪ್ಪಗಿದ್ದೀಯ. ಬದುಕಿರುವುದೇ ಬೇಡ ಅಂತ ಏನಾದರೂ ಅನ್ನಿಸುತ್ತಾ ಇದೆಯಾ?' ಎಂದು ಕೇಳಬಹುದು. ಹೌದೆಂದರೆ ಬೈಯಬೇಡಿ, ದೇವರಾಣೆ ಹಾಕಿಸಬೇಡಿ, 'ನಮ್ಮ ಮಾನ ಏನಾಗಬೇಕು' ಎಂದು ಅಳಬೇಡಿ. ಸುಮ್ಮನೆ ಪೂರ್ತಿ ಕೇಳಿ. ಆಮೇಲೆ ಒಂಟಿಯಾಗಿ ಬಿಡದೆ, ತಿಳಿದವರ ಹತ್ತಿರ ಕರೆದುಕೊಂಡು ಹೋಗಿ. ತಂದೆಯೊಡನೆ ಹೇಳಲಾರದ್ದನ್ನು ಚಿಕ್ಕಪ್ಪನೊಡನೆಯೋ ಸೋದರತ್ತೆಯೊಡನೆಯೋ ಹೇಳುವ ಮಕ್ಕಳಿದ್ದಾರೆ; ಅದಕ್ಕೆ ತಂದೆ ಮುನಿಸಿಕೊಳ್ಳಬಾರದು. ಮಗು ಊರಿನಲ್ಲಿದ್ದರೆ ವಾರದ ಫೋನಿನಲ್ಲಿ ಮಾರ್ಕಿನ ವಿಚಾರಣೆ ಸ್ವಲ್ಪ ಕಡಮೆಯಾಗಲಿ, ಯಾರ ಜೊತೆ ಆಡಿದೆ, ಏನು ತಿಂದೆ ಎಂಬುದು ಸ್ವಲ್ಪ ಹೆಚ್ಚಲಿ.

ಪರೀಕ್ಷೆಯ ಭಯದ ಮಟ್ಟಿಗೆ ಹಿಂದಿಗಿಂತ ಈಗ ಕೆಲವು ಅನುಕೂಲಗಳಿವೆ. ಮಕ್ಕಳಿಗೆ ಫಲಿತಾಂಶಕ್ಕೆ ಮುಂಚೆಯೇ ಇವನ್ನು ತಿಳಿಸಿರಬೇಕು. ತಮಿಳುನಾಡಿನಲ್ಲಿ ಫೇಲಾದವರು ವರ್ಷ ಕಳೆದುಕೊಳ್ಳದೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯುವ ಪೂರಕ ಪರೀಕ್ಷೆ ಇದೆ. ಈ ಏರ್ಪಾಡಿಗಾಗಿ ಒತ್ತಾಯಿಸಿದವರಲ್ಲಿ ಇಲ್ಲಿಯ 'ಸ್ನೇಹಾ' ಸಂಸ್ಥೆಯವರೂ ಇದ್ದರು. 2017ರಿಂದ ಈ ರಾಜ್ಯದಲ್ಲಿ ಹತ್ತು, ಹನ್ನೆರಡರ ರ‍್ಯಾಂಕು ಪಟ್ಟಿ ಹೊರಡಿಸುವುದನ್ನು ನಿಲ್ಲಿಸಿದರು. ಕರ್ನಾಟಕದಲ್ಲಿ 2023-24ರ ಸಾಲಿನಿಂದ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಇವೆಲ್ಲ ಬಂದರೂ ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆಯ ಒತ್ತಡ ಬೇರೆಯೇ ಇದೆ. ಸಾಲ ಮಾಡಿ ಕೋಚಿಂಗಿಗೆ ಹಾಕುವ ಮುಂಚೆ ಮಗುವಿನ ಇಷ್ಟವನ್ನೊಮ್ಮೆ ಕೇಳುವುದು ಲೇಸು. ಆ ಸಾಲದ ಮೊತ್ತವನ್ನು ಮಗುವಿಗೆ ದಿನವೂ ಹೇಳದಿರುವುದು ಇನ್ನೂ ಲೇಸು.

ಶಾಲೆಗಳು ಏನು ಮಾಡಬಹುದೆಂಬುದಕ್ಕೆ ಯೂರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕ ಮಕ್ಕಳೊಡನೆ ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಪರೀಕ್ಷೆ ಇದೆ. ಕೆಲವು ಶಾಲೆಗಳಲ್ಲಿ ಉಪಾಧ್ಯಾಯರಿಗೆ ಮಾತ್ರ ತರಬೇತಿ ಕೊಟ್ಟರು. ಕೆಲವು ಕಡೆ ವೈದ್ಯರು ಮಕ್ಕಳನ್ನು ತಪಾಸಿಸಿದರು. ಇನ್ನು ಕೆಲವು ಕಡೆ ಮಕ್ಕಳೇ ಕೂತು ಮನಸ್ಸಿನ ಕಷ್ಟಗಳನ್ನು ಮಾತಾಡಿ, ನಾಟಕದಂತೆ ಆಡಿ ನೋಡಿ ಕಲಿತರು. ವರ್ಷದ ಮೇಲೆ ನೋಡಿದರೆ ಈ ಕೊನೆಯ ಗುಂಪಿನಲ್ಲಿ ಹೊಸ ಪ್ರಯತ್ನಗಳು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದ್ದುವು; ಉಳಿದೆರಡರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನಮ್ಮ ದೇಶದಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ಅರ್ಹನಾದ ಒಬ್ಬ ಆಪ್ತಸಲಹೆಗಾರನಾದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಹೇಳಿದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಅಂಥವರು ಇದ್ದಾರೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿ ನೋಡಿ.

ಕಡೆಯದಾಗಿ ಪೊಲೀಸಿನ ಭಯ. ಕೇಸು ಆದೀತೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿದು ಹೊತ್ತು ಕಳೆದವರಿದ್ದಾರೆ. ಹಳೆಯ ದಂಡಸಂಹಿತೆಯ 309ನೆಯ ಕಲಮಿನಲ್ಲಿ ಪ್ರಯತ್ನ ಮಾಡಿದವನಿಗೇ ಶಿಕ್ಷೆ ಇತ್ತು, ನಿಜ. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು, ಶಿಕ್ಷಿಸಕೂಡದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಆದುದರಿಂದ ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಹೋಗಬೇಕು, 108ಕ್ಕೆ ಕರೆದರೆ ಆಂಬುಲೆನ್ಸ್ ಬರುತ್ತದೆ; ಏನು ನಡೆಯಿತೆಂದು ಡಾಕ್ಟರಿಗೆ ನಿಜವನ್ನೇ ಹೇಳಬೇಕು.

ಮಾತಾಡಬೇಕೆನಿಸಿದರೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದ 'ಟೆಲಿ ಮಾನಸ್' ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಖರ್ಚಿಲ್ಲ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಇದರ ಮೇಲುಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದೇ. ಚೆನ್ನೈಯಲ್ಲಿಯೇ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಸ್ಥಾಪಿಸಿದ 'ಸ್ನೇಹಾ' ಇದೆ, ನಂಬರು 044-24640050. ಅಲ್ಲಿ ಕೇಳಿಸಿಕೊಳ್ಳುವವರು ತರಬೇತಿ ಪಡೆದ ಸ್ವಯಂಸೇವಕರು, ಹೇಳಿದ್ದನ್ನು ಗುಟ್ಟಾಗಿಡುತ್ತಾರೆ. ಚಿಕಿತ್ಸೆಗೆ ಕೀಲ್ಪಾಕಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮಕ್ಕಳಿಗೆ ಮಾತ್ರವಲ್ಲ, ಪಾಳಿ ಮುಗಿಸಿ ಬಂದು ನಿದ್ದೆ ಬಾರದ ತಂದೆಗೂ ಈ ನಂಬರುಗಳು ಉಪಯೋಗಕ್ಕೆ ಬಂದಾವು. ವಾಚನಾಲಯದ ಬಾಗಿಲ ಒಳಬದಿಯಲ್ಲಿ, ಕೊಡೆ ನೇತುಹಾಕುವ ಗೂಟದ ಪಕ್ಕದಲ್ಲಿ, ದಪ್ಪ ಅಕ್ಷರದಲ್ಲಿ ಇವನ್ನು ಬರೆದು ಅಂಟಿಸಿದೆ. ಯಾರನ್ನೂ ಕೇಳದೆ ಬರೆದುಕೊಂಡು ಹೋಗಬಹುದು.